ಕೊಲಾಬಾದ ಆ ಉದ್ದನೆಯ ಕಟ್ಟಡದಲ್ಲಿ ನೋಡುವುದೇನಿದೆ?

ಪ್ರಶ್ನೆ: ವಾಸ್ತುಶಿಲ್ಪ ಓದುತ್ತಿರುವ ಮಗಳ ಜೊತೆ ಈಚೆಗೆ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋಗಿದ್ದೆ. ದೇಶದ ಅತ್ಯುತ್ತಮ ಆಧುನಿಕ ಕಟ್ಟಡಗಳಲ್ಲಿ ಇದೂ ಒಂದು ಎಂದು ಅವಳು ಹೇಳಿದಳು. ನನಗೆ ಕಂಡದ್ದು ಅಲಂಕಾರವೇ ಇಲ್ಲದ ಉದ್ದನೆಯ ಒಂದು ಕಚೇರಿ. ನನ್ನ ತಂದೆ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ನೌಕರಿಯಲ್ಲಿದ್ದರು. ಅಲ್ಲಿನ ಕಟ್ಟಡಗಳ ಬಗ್ಗೆ ಅವರೂ ಒಂದು ಮಾತು ಆಡಿದವರಲ್ಲ. ಇಂಥವುಗಳಲ್ಲಿ ನೋಡಬೇಕಾದದ್ದು ಏನು? ನಮ್ಮ ಮನೆಯ ಹತ್ತಿರ ಗರಗಸದ ಹಲ್ಲಿನ ಛಾವಣಿಯ ಹಳೆಯ ಔಷಧ ಕಾರ್ಖಾನೆಯನ್ನೂ ಅದರ ಪಕ್ಕದ ಪ್ರಯೋಗಾಲಯವನ್ನೂ ಕೆಡವುತ್ತಾರಂತೆ. ಅವುಗಳಿಗೂ ಏನಾದರೂ ಬೆಲೆ ಇದೆಯೇ? (ಡೊಂಬಿವಲಿಯ ಓದುಗರೊಬ್ಬರು)

ಉತ್ತರ: ನಿಮಗೆ ಹಾಗೆ ಕಂಡದ್ದು ಸಹಜ. ಮುಂಬೈನಲ್ಲಿ ಪಳಗಿದ ಕಣ್ಣಿಗೆ ಕಟ್ಟಡ ಎಂದರೆ ರಸ್ತೆಗೆ ಮುಖ ಮಾಡಿ ನಿಂತು ತನ್ನ ಕಥೆಯನ್ನೆಲ್ಲ ಅಲ್ಲೇ ಹೇಳಿ ಮುಗಿಸುವಂಥದ್ದು. ಬೋರಿಬಂದರಿನ ರೈಲು ನಿಲ್ದಾಣದ ಮುಂದೆ ನಿಂತರೆ ಗುಮ್ಮಟ, ಸಿಂಹ, ನವಿಲು, ಕಲ್ಲಿನ ಬಳ್ಳಿ ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಮರೀನ್ ಡ್ರೈವ್‌ನ ಆರ್ಟ್ ಡೆಕೊ ಮನೆಗಳೂ ಅಷ್ಟೇ, ಬಾಲ್ಕನಿಯ ತಿರುವಿನಲ್ಲೇ ತಮ್ಮ ಸೊಗಸನ್ನೆಲ್ಲ ತೋರಿಸಿಬಿಡುತ್ತವೆ. 2018ರಲ್ಲಿ ಯುನೆಸ್ಕೊ ಮುಂಬೈಗೆ ವಿಶ್ವ ಪರಂಪರೆಯ ಪಟ್ಟ ಕೊಟ್ಟದ್ದು ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಶೈಲಿಯ ಸಮೂಹಕ್ಕೆ. ಅಲ್ಲಿಂದ ಮುಂದಿನ ಕಾಲದ ಕಟ್ಟಡಗಳನ್ನು ನೋಡುವ ಅಭ್ಯಾಸ ನಮಗೆ ಇನ್ನೂ ಆಗಿಲ್ಲ.

ಸಂಶೋಧನಾ ಕಟ್ಟಡವನ್ನು ಹೊರಗಿನಿಂದ ನೋಡಿದರೆ ಅರ್ಧ ಮಾತ್ರ ಸಿಗುತ್ತದೆ. ಅದನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸಿದಂತೆ ಕಲ್ಪಿಸಿಕೊಂಡು, ಅಡ್ಡಛೇದದಲ್ಲಿ ನೋಡಬೇಕು. ಬಿಸಿಲು ಎಲ್ಲಿ ತಡೆಯಲ್ಪಟ್ಟಿದೆ, ಮಳೆನೀರು ಯಾವ ಕಡೆ ಇಳಿಯುತ್ತದೆ, ಕೆಟ್ಟ ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ, ನಾಳೆ ಉಪಕರಣ ಬದಲಾದರೆ ಗೋಡೆ ಒಡೆಯಬೇಕೋ ಬೇಡವೋ. ಹಳೆಯ ಕಾರ್ಖಾನೆ ಮತ್ತು ಪ್ರಯೋಗಾಲಯಗಳ ಕಾಂಕ್ರೀಟ್ ದುರಸ್ತಿಯೇ ನನ್ನ ಕಸುಬಾದ್ದರಿಂದ ನನಗೆ ಇವೇ ಪ್ರಶ್ನೆಗಳು ಮೊದಲು ಹೊಳೆಯುತ್ತವೆ. ಆದರೆ ಇವನ್ನು ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದೂ ಇವೇ. ಅಂದವನ್ನು ಅವರು ಬೇಡವೆನ್ನಲಿಲ್ಲ. ಈ ಲೆಕ್ಕಗಳನ್ನು ಅಚ್ಚುಕಟ್ಟಾಗಿ ಬಿಡಿಸಿದರೆ ಅಂದ ತಾನಾಗಿ ಬರುತ್ತದೆ ಎಂದು ನಂಬಿದ್ದರು. ಬಂದಿತೇ ಎನ್ನುವುದು ಕಟ್ಟಡದಿಂದ ಕಟ್ಟಡಕ್ಕೆ ಬೇರೆ.

ಕೊಲಾಬಾದ ಸಂಸ್ಥೆಯ ಹಿನ್ನೆಲೆ ತಿಳಿದರೆ ಆ ಕಟ್ಟಡ ಹಾಗೇಕಿದೆ ಎಂಬುದು ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಕನ್ನಡಿಗರಿಗೆ ಹಿತವಾಗುವ ಸಂಗತಿ ಎಂದರೆ ಅದು ಹುಟ್ಟಿದ್ದು ಬೆಂಗಳೂರಿನಲ್ಲಿ, 1945ರ ಜೂನ್‌ನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸ್ಥಾಪಕ, ಭೌತವಿಜ್ಞಾನಿ ಹೋಮಿ ಭಾಭಾ ಅದನ್ನು ಮುಂಬೈಗೆ ತಂದು, ಪೆಡ್ಡರ್ ರಸ್ತೆಯಲ್ಲಿ ತಮ್ಮ ಬಂಧುವೊಬ್ಬರಿಗೆ ಸೇರಿದ 'ಕೆನಿಲ್‌ವರ್ತ್' ಬಂಗಲೆಯ ಅರ್ಧ ಭಾಗದಲ್ಲಿ ಇರಿಸಿದರು. 1949ರಲ್ಲಿ ಗೇಟ್‌ವೇ ಪಕ್ಕದ ಯಾಟ್ ಕ್ಲಬ್‌ನ ಹಳೆಯ ಕಟ್ಟಡಕ್ಕೆ ಹೋಯಿತು. ಮುಂದೆ ಹೆಸರಾಂತ ಅಣುವಿಜ್ಞಾನಿಯಾದ ತುಮಕೂರಿನ ರಾಜಾ ರಾಮಣ್ಣ ಸಂಸ್ಥೆಯನ್ನು ಸೇರಿದ್ದೂ ಆ ವರ್ಷವೇ. ಒಂದು ಕಾಲಕ್ಕೆ ದೋಣಿ ಓಡಿಸುವ ಸಾಹೇಬರು ಊಟ, ಪಾನಕ್ಕೆ ಕೂರುತ್ತಿದ್ದ ಕೋಣೆಗಳಲ್ಲಿ, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳನ್ನು ಅಳೆಯುವ ಉಪಕರಣ ಜೋಡಿಸುವುದೆಂದರೆ ಹೇಗಿದ್ದೀತು, ಯೋಚಿಸಿ. ಎತ್ತರದ ಮಾಡು, ಕಮಾನು, ಮರದ ನೆಲ, ಎಲ್ಲೆಂದರಲ್ಲಿ ಎಳೆದ ವಿದ್ಯುತ್ ತಂತಿ. ಪರರ ಮನೆಯಲ್ಲಿ ಇಷ್ಟು ವರ್ಷ ಕಳೆದ ಸಂಸ್ಥೆ ತನ್ನ ಸ್ವಂತ ಕಟ್ಟಡದಿಂದ ಏನು ಬಯಸುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಕೊಲಾಬಾದ ದಕ್ಷಿಣ ತುದಿಯಲ್ಲಿ, ಸೇನೆಯ ಬ್ಯಾರಕ್‌ಗಳಿದ್ದ ನೆಲದಲ್ಲಿ, 1954ರ ಜನವರಿ 1ರಂದು ನೆಹರೂ ಅಡಿಗಲ್ಲು ಇಟ್ಟರು. ಉದ್ಘಾಟನೆಗೂ ಅವರೇ ಬಂದರು, 1962ರ ಜನವರಿ 15ರಂದು. ನಡುವೆ ಎಂಟು ವರ್ಷ. ವಾಸ್ತುಶಿಲ್ಪಿ ಷಿಕಾಗೊದ ಹೋಲಬರ್ಡ್ ಆ್ಯಂಡ್ ರೂಟ್ ಸಂಸ್ಥೆಯ ಹೆಲ್ಮುಟ್ ಬಾರ್ಚ್. ಗಗನಚುಂಬಿಗಳು ಹುಟ್ಟಿದ ಊರಿನ ಹಳೆಯ ಸಂಸ್ಥೆ ಅದು. ಉಕ್ಕಿನ ಚೌಕಟ್ಟಿನ ಕಟ್ಟಡಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಪಳಗಿದ ಕೈ. ಅಂಥವರು ಅರಬ್ಬೀ ಸಮುದ್ರದ ಅಂಚಿಗೆ ಬಂದು ಎತ್ತರಕ್ಕೆ ಏರದೆ, ನೆಲಕ್ಕೆ ಅಂಟಿದಂತೆ ಅಡ್ಡಡ್ಡಲಾಗಿ ಕಟ್ಟಿದ್ದು ನನಗೆ ಈಗಲೂ ಇಷ್ಟ. ಮುಂದೆ ಹುಲ್ಲುಹಾಸು, ಅದರಾಚೆ ಕಡಲು. ಕ್ಷಿತಿಜದ ಗೆರೆಯೊಂದಿಗೆ ಪೈಪೋಟಿಗೆ ಇಳಿಯದ ಕಟ್ಟಡ. ನೀವು 'ಬೋಳು' ಎಂದು ಕಂಡದ್ದನ್ನು ಮತ್ತೊಮ್ಮೆ ಆ ಹುಲ್ಲುಹಾಸಿನ ಕಡೆಯಿಂದ ನೋಡಿ.

ಭಾಭಾ ವಿದೇಶಿಯರನ್ನೇ ಯಾಕೆ ಕರೆದರು ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಅದರಲ್ಲಿ ಹುರುಳಿದೆ. ಯಾಕೆಂದರೆ ಅದೇ ವರ್ಷಗಳಲ್ಲಿ ದೇಶದಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಕೊಂಕಣದ ಆಚರೆಯಲ್ಲಿ 1916ರಲ್ಲಿ ಹುಟ್ಟಿ, ಮುಂಬೈನ ಜೆ.ಜೆ. ಶಾಲೆಯಲ್ಲಿ ಕಲಿತ ಅಚ್ಯುತ ಕಾನ್ವಿಂದೆಯವರನ್ನು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಾರ್ವರ್ಡ್‌ಗೆ ಕಳುಹಿಸಿತ್ತು. ಉದ್ದೇಶ ಪ್ರಯೋಗಾಲಯಗಳನ್ನು ಕಟ್ಟುವುದು ಹೇಗೆಂದು ಕಲಿತು ಬರುವುದು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕಿದ್ದು ಆಧುನಿಕ ವಾಸ್ತುಶಿಲ್ಪದ ಹಿರಿಯ ವಾಲ್ಟರ್ ಗ್ರೋಪಿಯಸ್. ಹಿಂದಿರುಗಿ ಮಂಡಳಿಯ ವಾಸ್ತುಶಿಲ್ಪಿಯಾದ ಕಾನ್ವಿಂದೆ ಅಹಮದಾಬಾದಿನಲ್ಲಿ ಜವಳಿ ಸಂಶೋಧನಾ ಕೇಂದ್ರ ಅಟೀರಾವನ್ನು ಕಟ್ಟಿದರು. ಅದು 1954ರಲ್ಲಿ, ಕೊಲಾಬಾದ ಕಟ್ಟಡಕ್ಕೆ ಅಡಿಗಲ್ಲು ಬಿದ್ದ ವರ್ಷವೇ ತೆರೆಯಿತು. ವರ್ಲಿಯ ನೆಹರೂ ವಿಜ್ಞಾನ ಕೇಂದ್ರ ಅವರದು. ಬೆಂಗಳೂರಿನ ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾಲಯದ ಕಾಂಕ್ರೀಟ್ ಕಟ್ಟಡಗಳೂ ಅವರ ಸಂಸ್ಥೆಯವೇ. ನಿಮ್ಮ ಮಗಳು ಕೊಲಾಬಾದ ನಂತರ ವರ್ಲಿಗೂ ಹೋಗಿ ಎರಡನ್ನೂ ಹೋಲಿಸಲಿ. ಒಂದರಲ್ಲಿ ಅಮೆರಿಕದ ನಯ, ಇನ್ನೊಂದರಲ್ಲಿ ಕಾಂಕ್ರೀಟಿನ ಒರಟುತನವನ್ನು ಮುಚ್ಚಿಡದ ಧೈರ್ಯ. ನನ್ನ ಒಲವು ಎರಡನೆಯದರ ಕಡೆಗೆ. ಆದರೂ ಕೊಲಾಬಾದ ಮುಗಿತದ ಕೆಲಸ ನೋಡಿದಾಗ ತಕರಾರು ಬಾಯಲ್ಲೇ ಉಳಿಯುತ್ತದೆ.

ಇನ್ನು ಒಳಗಿನ ಲೆಕ್ಕ. ಸಾಮಾನ್ಯ ಕಚೇರಿಗೂ ಪ್ರಯೋಗಾಲಯಕ್ಕೂ ಇರುವ ದೊಡ್ಡ ಅಂತರ ಗಾಳಿಯದು. ರಸಾಯನ ಪ್ರಯೋಗಾಲಯದಲ್ಲಿ ಫ್ಯೂಮ್ ಹುಡ್ ಎಂಬ ಗಾಜಿನ ಬಾಗಿಲಿನ ಗೂಡು ಇರುತ್ತದೆ; ಆವಿ, ವಿಷಾನಿಲ ಹೊರಡುವ ಕೆಲಸವೆಲ್ಲ ಅದರೊಳಗೆ. ಉಡುಪಿ ಹೋಟೆಲಿನ ದೋಸೆ ಕಾವಲಿಯ ಮೇಲಿನ ಹೊಗೆಗೂಡಿನ ಹಾಗೆಯೇ ಅದರ ಕೆಲಸ, ಆದರೆ ಇಲ್ಲಿ ಎಳೆತ ತಪ್ಪಿದರೆ ಹೋಗುವುದು ಜೀವ. ಗೂಡಿನ ಬಾಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಒಳಸೇರುತ್ತಿರಬೇಕು. 1.2 ಮೀಟರ್ ಅಗಲ, ಅರ್ಧ ಮೀಟರ್ ಎತ್ತರ ತೆರೆದ ಒಂದೇ ಒಂದು ಗೂಡು ಗಂಟೆಗೆ ಸಾವಿರಕ್ಕೂ ಹೆಚ್ಚು ಘನ ಮೀಟರ್ ಗಾಳಿಯನ್ನು ನುಂಗುತ್ತದೆ. 6 ಮೀಟರ್ ಉದ್ದ, 3.3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ಗಾಳಿಯಷ್ಟೂ ಗಂಟೆಗೆ ಹದಿನೆಂಟು ಸಲ ಬದಲಾದಂತೆ. ಹೋದ ಗಾಳಿಯನ್ನು ಮತ್ತೆ ಒಳಗೆ ತಿರುಗಿಸುವಂತಿಲ್ಲ. ಅಷ್ಟೇ ಹೊಸ ಗಾಳಿಯನ್ನು ಸೋಸಿ, ತಂಪು ಮಾಡಿ ಕೊಡಬೇಕು. ಇಷ್ಟು ಗಾಳಿ ಹರಿಯಲು ಬೇಕಾದ ದಪ್ಪ ಕೊಳವೆಗಳಿಗೆ, ಅಂದರೆ ಡಕ್ಟ್‌ಗಳಿಗೆ, ಜಾಗ ಬೇಕು. ಆದ್ದರಿಂದಲೇ ಹಳೆಯ ಪ್ರಯೋಗಾಲಯಗಳಲ್ಲಿ ಮಹಡಿಯಿಂದ ಮಹಡಿಗೆ ನಾಲ್ಕು ಮೀಟರಿಗೂ ಮೀರಿದ ಎತ್ತರ, ಕಾರಿಡಾರಿನ ಉದ್ದಕ್ಕೂ ಡಕ್ಟ್ ಹಾಯುವ ಕಿಂಡಿಗಳು, ಛಾವಣಿಯ ಮೇಲೆ ಚಿಮಣಿಗಳ ಸಾಲು. ಈಗ ಅಂಥ ಕಟ್ಟಡವನ್ನು ಸಾಫ್ಟ್‌ವೇರ್ ಕಚೇರಿಯಾಗಿ ಮಾರ್ಪಡಿಸುವುದು ಸುಲಭ. ಕಚೇರಿಯನ್ನು ಪ್ರಯೋಗಾಲಯ ಮಾಡಲು ಹೊರಟರೆ ತಲೆ ತಾಗುತ್ತದೆ.

ಎರಡನೆಯದು ಅಳತೆಯ ಶಿಸ್ತು. ಎರಡು ಮೇಜು, ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಇಬ್ಬರು ನಿಂತು ಮೂರನೆಯವರು ಹಾದುಹೋಗುವಷ್ಟು ಜಾಗ: ಕೂಡಿಸಿದರೆ ಸುಮಾರು ಹತ್ತು, ಹನ್ನೊಂದು ಅಡಿ. ಇದೇ ಒಂದು ಘಟಕ. ಕಂಬ, ಕಿಟಕಿ, ದೀಪ, ನಲ್ಲಿ, ಗ್ಯಾಸ್, ಚರಂಡಿ ಎಲ್ಲವೂ ಆ ಅಳತೆಯಲ್ಲೇ ಮರುಕಳಿಸುತ್ತವೆ. ಒಂದು ಘಟಕದಲ್ಲಿ ಒಬ್ಬರ ಕೋಣೆ, ಮೂರು ಕೂಡಿದರೆ ಒಂದು ತಂಡದ ಪ್ರಯೋಗಾಲಯ, ನಡುವಿನ ಗೋಡೆ ಭಾರ ಹೊರದ ಬರಿಯ ತಡಿಕೆ. ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ ಬೆಲ್ ಪ್ರಯೋಗಾಲಯದವರು 1941ರಲ್ಲಿ ಇದನ್ನು ಆರು ಅಡಿಯ ಅಳತೆಯಲ್ಲಿ ಮಾಡಿ ತೋರಿಸಿದರು. ಯುದ್ಧಾನಂತರ ಜಗತ್ತಿನ ಪ್ರಯೋಗಾಲಯಗಳೆಲ್ಲ ಅದನ್ನು ನೋಡಿ ಕಲಿತವು. ಟ್ರಾಂಬೆಯಲ್ಲಂತೂ ಒಂದು ದೊಡ್ಡ ಕಟ್ಟಡದ ಹೆಸರೇ ಮಾಡ್ಯುಲರ್ ಲ್ಯಾಬೊರೇಟರೀಸ್. ಅಲ್ಲಿ ದುಡಿದವರ ಬಾಯಲ್ಲಿ ಅದು 'ಮಾಡ್ ಲ್ಯಾಬ್ಸ್'. ನಿಮ್ಮ ತಂದೆ ಮನೆಯಲ್ಲಿ ಈ ಹೆಸರನ್ನಾದರೂ ಹೇಳಿರಬೇಕು, ನೆನಪು ಮಾಡಿಕೊಳ್ಳಿ.

ಈ ಶಿಸ್ತಿನಿಂದ ಆಗುವ ಲಾಭಕ್ಕೆ ಕೊಲಾಬಾದ್ದೇ ಉದಾಹರಣೆ ಕೊಡುತ್ತೇನೆ. ಸಂಸ್ಥೆ ತಾನೇ ಕಟ್ಟಿದ ಟಿಫ್ರಾಕ್ ಎಂಬ ಗಣಕಯಂತ್ರ 1960ರಲ್ಲಿ ಕೆಲಸಕ್ಕೆ ನಿಂತಿತು. ಅದರಲ್ಲಿ 2,700 ನಿರ್ವಾತ ಕವಾಟಗಳು. ಒಂದೊಂದೂ ಕೆಂಪಗೆ ಕಾಯುವ ದೀಪದಂಥವು. ಮುಂಬೈನ ಸೆಖೆಯಲ್ಲಿ ಅದನ್ನು ಬದುಕಿಸಿಡುವುದು ಗಣಿತಕ್ಕಿಂತ ಮೊದಲು ತಂಪಿನ ಸಮಸ್ಯೆ. ನಾಲ್ಕೇ ವರ್ಷಕ್ಕೆ, 1964ರಲ್ಲಿ, ಅಮೆರಿಕದಿಂದ ಸಿಡಿಸಿ 3600 ಬಂತು, ಟ್ರಾನ್ಸಿಸ್ಟರುಗಳ ಯಂತ್ರ. ಅದರ ವಿದ್ಯುತ್ತು, ತಂಪು, ಜಾಗ, ಅದನ್ನು ಬಳಸುವ ಜನ, ಎಲ್ಲವೂ ಬೇರೆ. ಯಂತ್ರದ ಆಯುಷ್ಯ ನಾಲ್ಕೈದು ವರ್ಷ, ಕಟ್ಟಡದ ಆಯುಷ್ಯ ಎಪ್ಪತ್ತು, ಎಂಬತ್ತು. ಮುಂದೆ ಏನು ಬರುತ್ತದೋ ತಿಳಿಯದೆ ಕಟ್ಟಬೇಕಾದವನು ಮೊದಲು ಕಲಿಯಬೇಕಾದದ್ದು ಸುಮ್ಮನಿರುವುದನ್ನು. ಆ ಬೋಳು ಗೋಡೆಗೆ ಈ ಕಾರಣವೂ ಇದೆ. ಇಂದು ಕಿಟಕಿ ಇದ್ದಲ್ಲಿ ನಾಳೆ ಬೇಡವಾಗಬಹುದು, ಇಂದಿನ ಗ್ರಂಥಾಲಯ ನಾಳೆಯ ಪ್ರಯೋಗಾಲಯವಾಗಬಹುದು. ಒಳಗಿನ ಉಪಯೋಗವನ್ನು ಹೊರಗೆ ಕೆತ್ತಿ ಹಾಕಿದರೆ ಅದು ಬದಲಾದ ದಿನವೇ ಕಟ್ಟಡ ಸುಳ್ಳು ಹೇಳಲು ಶುರು ಮಾಡುತ್ತದೆ.

ಆದರೆ ಕೊಲಾಬಾದಲ್ಲಿ ಬರೀ ಲೆಕ್ಕವೇ ಇಲ್ಲ. ಭಾಭಾ ಚಿತ್ರ ಬರೆಯುತ್ತಿದ್ದವರು, ಸಂಗೀತದ ಹುಚ್ಚಿದ್ದವರು, ಮರ ಕಡಿಯುವ ಬದಲು ಬೇರು ಸಮೇತ ಎತ್ತಿ ಬೇರೆಡೆ ನೆಡಿಸುತ್ತಿದ್ದವರು. ಸಂಸ್ಥೆಯ ಆಯವ್ಯಯದಲ್ಲಿ ನೂರಕ್ಕೆ ಒಂದು ಪಾಲನ್ನು ಕಲಾಕೃತಿಗಳಿಗೆ ಬಳಸಲು ನೆಹರೂ ಅವರಿಂದ ಒಪ್ಪಿಗೆ ಪಡೆದಿದ್ದರು. ಮುಂಬೈನ ಪ್ರೋಗ್ರೆಸಿವ್ ಬಳಗದ ಚಿತ್ರಕಾರರನ್ನು ಗಿರಾಕಿಗಳು ಇನ್ನೂ ಗುರುತಿಸದ ಕಾಲದಲ್ಲಿ ಸಂಸ್ಥೆ ಅವರ ಕೃತಿಗಳನ್ನು ಕೊಂಡಿತು. ಪ್ರವೇಶದ ಹಜಾರದ ಗೋಡೆಗೆ ಪಿಕಾಸೊ ಅವರಿಂದ ಚಿತ್ರ ಬರೆಸುವ ಪ್ರಯತ್ನ ನಡೆದು, ಅದು ಕೈಗೂಡದೆ, ಕೊನೆಗೆ ಅದು ಎಂ.ಎಫ್. ಹುಸೇನ್ ಪಾಲಿಗೆ ಬಂತು: 45 ಅಡಿ ಉದ್ದ, 9 ಅಡಿ ಎತ್ತರದ 'ಭಾರತ ಭಾಗ್ಯ ವಿಧಾತ'. ಬಾಗಿಲು ದಾಟಿದ ಕೂಡಲೇ ಎದುರಾಗುವ ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಹೊರಗೆ ಅಲಂಕಾರವಿಲ್ಲ ಎಂದಿರಲ್ಲ, ಅದನ್ನೆಲ್ಲ ಒಳಗೆ ಇಟ್ಟಿದ್ದಾರೆ, ದಿನವೂ ಅಲ್ಲಿ ನಡೆದಾಡುವವರಿಗಾಗಿ.

ಕಡಲಿನ ಬಗ್ಗೆ ಒಂದು ಮಾತು. ಅಲ್ಲಿ ಸಮುದ್ರ ಇರುವುದು ಪಶ್ಚಿಮಕ್ಕೆ. ಸಂಜೆಯ ಬಿಸಿಲೂ ಅಲ್ಲಿಂದಲೇ. ನೆತ್ತಿಯ ಬಿಸಿಲನ್ನು ಒಂದು ಅಡಿ ಛಜ್ಜಾ, ಅಂದರೆ ಕಿಟಕಿಯ ಮೇಲೆ ಹೊರಚಾಚಿದ ಹಲಗೆ, ತಡೆಯುತ್ತದೆ. ಇಳಿಬಿಸಿಲು ಕಿಟಕಿಗೆ ನೇರ ನುಗ್ಗುವುದರಿಂದ ಛಜ್ಜಾ ಎಷ್ಟು ಚಾಚಿದರೂ ವ್ಯರ್ಥ. ನಿಲುವು ಹಲಗೆಗಳೋ ಪರದೆಯೋ ಬೇಕು, ಅವನ್ನು ಹಾಕಿದರೆ ನೋಟ ಹೋಯಿತು. ಮುಂಬೈನ ಕರಾವಳಿಯಲ್ಲಿ ಕಟ್ಟುವ ಪ್ರತಿಯೊಬ್ಬನಿಗೂ ಈ ಕಗ್ಗಂಟು ಎದುರಾಗುತ್ತದೆ. ಇಂದಿನ ಗಾಜಿನ ಗೋಪುರಗಳು ಇದನ್ನು ಬಿಡಿಸುವ ಗೋಜಿಗೇ ಹೋಗದೆ ವಿದ್ಯುತ್ ಬಿಲ್ಲಿನ ಮೇಲೆ ಹಾಕಿ ಕೈತೊಳೆದುಕೊಂಡಿವೆ.

ಟ್ರಾಂಬೆಯ ವಿಷಯ ಬೇರೆಯೇ. ಅದು ಕಟ್ಟಡವಲ್ಲ, ಬೆಟ್ಟಕ್ಕೂ ಕೊಲ್ಲಿಗೂ ನಡುವೆ ಹರಡಿದ ಊರು. 1957ರ ಜನವರಿಯಲ್ಲಿ ನೆಹರೂ ಅದನ್ನು ಉದ್ಘಾಟಿಸುವ ಮೊದಲೇ, 1956ರ ಆಗಸ್ಟ್ 4ರಂದು, ಅಪ್ಸರಾ ರಿಯಾಕ್ಟರ್ ಚಾಲೂ ಆಗಿತ್ತು. ನೀರಿನ ಕೊಳದೊಳಗೆ ಮುಳುಗಿಸಿಟ್ಟ ರಿಯಾಕ್ಟರ್ ಅದು; ಆದ್ದರಿಂದ ಅದಕ್ಕೆ ಬೇಕಾದದ್ದು ಕೊಳ, ಅದರ ಮೇಲೆ ಓಡಾಡುವ ಕ್ರೇನ್, ಅಷ್ಟು ಎತ್ತರದ ಒಂದು ಹಾಲ್. ಕೆನಡಾದ ನೆರವಿನ 40 ಮೆಗಾವಾಟ್‌ನ ಸೈರಸ್ 1960ರಲ್ಲಿ ಬಂತು, ಗುಮ್ಮಟದ ಜೊತೆ. ಬಿಜಾಪುರದ ಗುಮ್ಮಟ ಕಂಡವರಿಗೆ ಇದರ ಆಕಾರ ಹೊಸದೇನಲ್ಲ. ಆದರೆ ಅಲ್ಲಿ ಗುಮ್ಮಟ ಹೊರುವುದು ತನ್ನ ಭಾರವನ್ನು. ರಿಯಾಕ್ಟರಿನ ಮನೆಗೆ ಗುಮ್ಮಟ ಹೊಂದುವುದು ಒಳಗಿನ ಗಾಳಿಯನ್ನು ಸೋರದಂತೆ ಹಿಡಿದಿಡಲು, ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ಹಂಚಲು. ಸೈರಸ್ 2010ರ ಕೊನೆಯ ದಿನ ನಿಂತುಹೋಯಿತು. ಸಾರ್ವಜನಿಕರಿಗೆ ಟ್ರಾಂಬೆಯ ಗುಮ್ಮಟ ಕಾಣುವುದು ಘಾರಾಪುರಿಯ (ಎಲಿಫೆಂಟಾ) ಗುಹೆಗಳಿಗೆ ದೋಣಿಯಲ್ಲಿ ಹೋಗುವ ದಾರಿಯಲ್ಲಿ, ನೀರಿನಾಚೆ. ಗುಪ್ತವಾಗಿಡಬೇಕಾದ ಕಟ್ಟಡಗಳ ವಿಮರ್ಶೆ ಬೆಳೆಯುವುದಿಲ್ಲ. ನಿಮ್ಮ ತಂದೆ ಮಾತಾಡದಿದ್ದುದೂ ಅದೇ ಅಭ್ಯಾಸದಿಂದ ಇರಬೇಕು. ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಬರುತ್ತಿದ್ದ ಟ್ರಾಂಬೆಯ ಎಂಜಿನಿಯರುಗಳು ಯಕ್ಷಗಾನ, ಕ್ರಿಕೆಟ್, ಕ್ಯಾಂಟೀನಿನ ಊಟ ಎಲ್ಲದರ ಬಗ್ಗೆ ಹರಟುತ್ತಿದ್ದರು. ಆದರೆ ತಾವು ದಿನವಿಡೀ ಕೂತಿರುತ್ತಿದ್ದ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದರು.

ಪುಣೆಯ ಪಾಷಾಣ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನೂ ಸಾಧ್ಯವಾದರೆ ನೋಡಿ. 1947ರ ಏಪ್ರಿಲ್‌ನಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ, ಅಡಿಗಲ್ಲು ಬಿದ್ದು, 1950ರ ಜನವರಿ 3ರಂದು ತೆರೆದದ್ದು. ಗಣರಾಜ್ಯಕ್ಕಿಂತ ಮೂರು ವಾರ ಹಿರಿದು. ಕೊಲಾಬಾದ ಕಟ್ಟಡದಷ್ಟು ಹಗುರ ಅದಕ್ಕಿಲ್ಲ; ಸರ್ಕಾರ ಎಂಬ ಗಾಂಭೀರ್ಯವನ್ನು ಅದು ಇನ್ನೂ ಬಿಟ್ಟಿಲ್ಲ.

ಈಗ ನಿಮ್ಮ ಗರಗಸದ ಹಲ್ಲಿನ ಶೆಡ್. ಪತ್ರದಲ್ಲಿ ಕೊನೆಗೆ ಬರೆದಿದ್ದೀರಿ, ನನಗೆ ಮಾತ್ರ ಅದರ ಮೇಲೇ ಹೆಚ್ಚು ಆಸೆ. ಇದನ್ನು ನಾವು ನಾರ್ತ್‌ಲೈಟ್ ಛಾವಣಿ ಎನ್ನುತ್ತೇವೆ. ಒಂದೊಂದು ಹಲ್ಲಿನ ಕಡಿದಾದ ಬದಿಗೆ ಗಾಜು, ಅದು ಉತ್ತರಕ್ಕೆ. ಇಳಿಜಾರು ಬದಿಗೆ ಶೀಟು ಅಥವಾ ಕಾಂಕ್ರೀಟು, ಅದು ದಕ್ಷಿಣಕ್ಕೆ. ಉತ್ತರದ ಆಕಾಶದ ಬೆಳಕಿನಲ್ಲಿ ನೇರ ಬಿಸಿಲು ಇರುವುದಿಲ್ಲ, ನೆರಳು ಬೀಳುವುದಿಲ್ಲ, ಮಗ್ಗದ ಎಳೆಯಾಗಲಿ ಮಾತ್ರೆಯ ಬಣ್ಣವಾಗಲಿ ಇಡೀ ದಿನ ಒಂದೇ ರೀತಿ ಕಾಣುತ್ತದೆ. ಗಿರಣಗಾಂವ್‌ನ ಹತ್ತಿ ಗಿರಣಿಗಳಿಗೆ ಈ ಛಾವಣಿ ಯಂತ್ರಗಳ ಜೊತೆಗೆ ಇಂಗ್ಲೆಂಡಿನ ಲ್ಯಾಂಕಾಶೈರ್‌ನಿಂದ ಬಂತು. ಎಡವಟ್ಟಾದದ್ದು ಅಲ್ಲೇ.

ಲ್ಯಾಂಕಾಶೈರ್ ಇರುವುದು ಸುಮಾರು 53 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಜೂನ್‌ನ ನಡು ಮಧ್ಯಾಹ್ನದಲ್ಲೂ ಸೂರ್ಯ 60 ಡಿಗ್ರಿ ಮೇಲೆ ಏರುವುದಿಲ್ಲ, ಏರುವುದೂ ದಕ್ಷಿಣದ ಆಕಾಶದಲ್ಲೇ. ಆದ್ದರಿಂದ ಉತ್ತರದ ಗಾಜನ್ನು 60 ಡಿಗ್ರಿಗೆ ಓರೆಯಾಗಿ ಇಟ್ಟರೂ ಮಧ್ಯಾಹ್ನದ ಬಿಸಿಲು ತಾಗುವುದಿಲ್ಲ. ಓರೆ ಇಟ್ಟಷ್ಟೂ ಬೆಳಕು ಹೆಚ್ಚು. ಮುಂಬೈ 19 ಡಿಗ್ರಿಯಲ್ಲಿದೆ. ಅದೇ ಓರೆ ಗಾಜನ್ನು ಇಲ್ಲಿ ತಂದಿಟ್ಟರೆ ಫೆಬ್ರುವರಿ ಮೂರನೆಯ ವಾರದಿಂದ ಅಕ್ಟೋಬರ್ ಮೂರನೆಯ ವಾರದವರೆಗೆ, ಅಂದರೆ ಎಂಟು ತಿಂಗಳು, ನಡುಹಗಲ ಬಿಸಿಲು ನೇರ ಒಳಗೆ ಇಳಿಯುತ್ತದೆ. ಗಾಜನ್ನು ಸೆಟೆದು ನಿಲ್ಲಿಸಿದರೆ ಈ ಕಾಟ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ. ಮುಂಬೈನಲ್ಲಿ ನೆರಳು ಕಾಣದ ಎರಡು ದಿನಗಳ ನಡುವಿನ ಅವಧಿ ಅದು. ಆಗಲೂ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲುವುದು ನಾಲ್ಕೂವರೆ ಡಿಗ್ರಿಯಷ್ಟೇ, ಒಂದು ಸಣ್ಣ ಛಜ್ಜಾ ಸಾಕು. ಜೂನ್ ಮಧ್ಯದ ಮೇಲೆ ಮೋಡವೇ ಪರದೆ. ಉಳಿಯುವುದು ಮೇ ತಿಂಗಳ ಬೆಳಗು ಸಂಜೆಯ ಓರೆ ಬಿಸಿಲು.

ಹೀಗಾಗಿ ಶೆಡ್ ನೋಡಿದ ಕೂಡಲೇ ನಾನು ಗಾಜಿನ ಕೋನ ಅಳೆಯುತ್ತೇನೆ. ಗಾಜು ಓರೆಯಾಗಿದ್ದರೆ ವಿದೇಶದ ನಕ್ಷೆಯನ್ನು ಹಾಗೆಯೇ ಇಳಿಸಿಕೊಂಡದ್ದು. ನೆಟ್ಟಗಿದ್ದು ಮೇಲೆ ಛಜ್ಜಾ ಇದ್ದರೆ, ಈ ಊರಿನ ಸೂರ್ಯನನ್ನು ಯಾರೋ ಕುಳಿತು ಲೆಕ್ಕ ಹಾಕಿದ್ದಾರೆ ಎಂದು ಅರ್ಥ. ಅಂಥವರ ಹೆಸರು ಎಷ್ಟೋ ಕಡೆ ಎಲ್ಲೂ ಉಳಿದಿಲ್ಲ.

ಇನ್ನು ಮಳೆ. ಎರಡು ಹಲ್ಲುಗಳ ನಡುವೆ ಕಣಿವೆ, ಕಣಿವೆಯಲ್ಲಿ ಗಟರ್. 8 ಮೀಟರ್ ಅಗಲ, 40 ಮೀಟರ್ ಉದ್ದದ ಒಂದು ಹಲ್ಲಿನ ಮೇಲೆ ಗಂಟೆಗೆ 100 ಮಿಲಿಮೀಟರ್ ಮಳೆ ಸುರಿದರೆ ಆ ಗಟರಿಗೆ ಸೆಕೆಂಡಿಗೆ ಒಂಬತ್ತು ಲೀಟರ್ ನೀರು ಬರುತ್ತದೆ. ಅದು ಎರಡೂ ತುದಿಗೆ ಹರಿಯಬೇಕಾದರೆ ನಡುವಿನಿಂದ ತುದಿಗೆ ಕನಿಷ್ಠ 20 ಸೆಂಟಿಮೀಟರ್ ಇಳಿಜಾರು ಬೇಕು. ತುದಿಯ ಪೈಪಿನ ಬಾಯಿಗೆ ಅರಳಿ ಎಲೆಯೋ ಸತ್ತ ಪಾರಿವಾಳವೋ ಸಿಕ್ಕಿಕೊಂಡರೆ ನೀರು ಗಾಜಿನ ತಳದಿಂದ ಒಳಗೆ ಇಳಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಉಪನಗರಗಳ ಎಷ್ಟೋ ಶೆಡ್‌ಗಳ ಗತಿ ಇದೇ ಆಯಿತು. ನಾರ್ತ್‌ಲೈಟ್ ಶೆಡ್‌ಗಳನ್ನು ಕೆಡವಲು ಮಾಲೀಕರು ಕೊಡುವ ಮೊದಲ ಕಾರಣವೂ ಸೋರಿಕೆಯೇ. ನನ್ನ ಅನುಭವದಲ್ಲಿ ಬಹುಪಾಲು ಸೋರಿಕೆ ಛಾವಣಿಯ ದೋಷವಲ್ಲ. ಮೇ ತಿಂಗಳಲ್ಲಿ ಗಟರ್ ಗುಡಿಸಲು ಇಬ್ಬರಿಗೆ ಎರಡು ದಿನದ ಕೂಲಿ ಉಳಿಸಿದ್ದರ ಫಲ.

ನಿಮ್ಮ ಶೆಡ್ ಐವತ್ತು, ಅರವತ್ತರ ದಶಕದ್ದಾಗಿದ್ದರೆ ಒಳಗೆ ಹೋಗಿ ತಲೆ ಎತ್ತಿ ನೋಡಿ. ಛಾವಣಿ ಹೊರುವ ಉಕ್ಕಿನ ತ್ರಿಕೋನ ಚೌಕಟ್ಟಿನ (ಟ್ರಸ್) ಬದಲು ಬಾಗಿದ ಕಾಂಕ್ರೀಟಿನ ಚಿಪ್ಪು ಇರಬಹುದು. ಎರಡನೆಯ ಪಂಚವಾರ್ಷಿಕ ಯೋಜನೆಯ ದಿನಗಳಲ್ಲಿ ಉಕ್ಕಿಗೆ ಬರ. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳ ಕುಲುಮೆಗಳು ಹೊತ್ತಿಕೊಳ್ಳತೊಡಗಿದ್ದೇ 1959ರಿಂದ ಈಚೆಗೆ. ಆಗ ಎಂಜಿನಿಯರುಗಳು ಹಿಡಿದ ದಾರಿ ಚಿಪ್ಪು. ಹಾಳೆಯನ್ನು ಬಾಗಿಸಿದರೆ ಅದಕ್ಕೆ ಬಲ ಬರುತ್ತದೆ. ಹಾಗೆ ಬಾಗಿಸಿದ ಏಳೆಂಟು ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಇಪ್ಪತ್ತು ಮೀಟರಿಗೂ ಹೆಚ್ಚು ದೂರ ಕಂಬವಿಲ್ಲದೆ ನಿಲ್ಲುತ್ತದೆ. ಒಂದೇ ಮರದ ಅಚ್ಚನ್ನು ಹಳಿಯ ಮೇಲೆ ತಳ್ಳುತ್ತಾ ಒಂದಾದ ಮೇಲೊಂದು ಹಲ್ಲು ಎರಕ ಹೊಯ್ಯುತ್ತಿದ್ದರು. ಉಕ್ಕು ಕಡಿಮೆ, ಕೂಲಿ ಅಗ್ಗ, ಬಡಗಿಗಳು ಬೇಕಾದಷ್ಟು. ಆ ಕಾಲದ ಆರ್ಥಿಕತೆಯೇ ಛಾವಣಿಯಾಗಿ ನಿಂತ ಹಾಗೆ. ಈಗ ಅದನ್ನು ಯಾರೂ ಕಟ್ಟಲಾರರು, ಅಚ್ಚಿನ ಮರಗೆಲಸಕ್ಕೆ ಆಗುವ ಖರ್ಚಿನಲ್ಲಿ ಎರಡು ಉಕ್ಕಿನ ಶೆಡ್ ಏಳುತ್ತವೆ.

ಕೆಡವಲು ಕೊಡುವ ಇನ್ನೊಂದು ಕಾರಣ ತುಕ್ಕು. ಇದು ನಿಜವಾದ ರೋಗ. ಅಂದಿನವರು ಕಾಂಕ್ರೀಟಿನೊಳಗಿನ ಉಕ್ಕಿನ ಸರಳಿನ ಮೇಲೆ ಮುಕ್ಕಾಲು ಇಂಚು, ಹೆಚ್ಚೆಂದರೆ ಒಂದು ಇಂಚು ಕಾಂಕ್ರೀಟಿನ ಹೊದಿಕೆ ಬಿಡುತ್ತಿದ್ದರು. ಇಂದಿನ ಭಾರತೀಯ ಮಾನಕದ ಪ್ರಕಾರ ತೀವ್ರ ವಾತಾವರಣದಲ್ಲಿ 45 ಮಿಲಿಮೀಟರ್, ಕಡಲ ನೀರಿನ ಸಿಂಪರಣೆ ತಾಗುವಲ್ಲಿ 50 ಮಿಲಿಮೀಟರ್ ಇರಬೇಕು. ಉಪ್ಪು ಮತ್ತು ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗೆ ಇಳಿದು ಸರಳು ತಲುಪುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಕಾಂಕ್ರೀಟು ಸಿಡಿಯುತ್ತದೆ. ಗಾರೆ ಬಳಿದು ಬಣ್ಣ ಹಚ್ಚಿದರೆ ಎರಡು ಮಳೆಗಾಲಕ್ಕೆ ಅದೇ ಜಾಗ ಮತ್ತೆ ಬಿಡುತ್ತದೆ. ಸಡಿಲ ಕಾಂಕ್ರೀಟನ್ನು ಸರಳಿನ ಹಿಂದಿನವರೆಗೂ ಕಿತ್ತು, ಸರಳನ್ನು ಬೆಳ್ಳಗೆ ಉಜ್ಜಿ, ತೆಳುವಾದದ್ದಕ್ಕೆ ಜೋಡು ಸರಳು ಕಟ್ಟಿ, ಹೊಸದಾಗಿ ತುಂಬಬೇಕು. ಚಿಪ್ಪಿನ ಛಾವಣಿಯಲ್ಲಿ ಇದು ನಾಜೂಕಿನ ಕೆಲಸ, ಆದರೆ ಆಗದ ಕೆಲಸವಲ್ಲ. ಅದಕ್ಕಿಂತ ನನಗೆ ಸಿಟ್ಟು ಬರುವುದು ಕಿಟಕಿ ಬದಲಿಸುವವರನ್ನು ಕಂಡರೆ. ಬೆರಳಿನಷ್ಟು ತೆಳುವಾದ ಉಕ್ಕಿನ ಚೌಕಟ್ಟು ಕಿತ್ತು ದಪ್ಪ ಅಲ್ಯುಮಿನಿಯಂನ ಜಾರು ಕಿಟಕಿ ಹಾಕುತ್ತಾರೆ. ಗೆರೆ ದಪ್ಪವಾಗಿ ಮುಖದ ಲಯವೇ ಕೆಡುತ್ತದೆ, ಮೊದಲು ಪೂರ್ತಿ ತೆರೆಯುತ್ತಿದ್ದ ಕಿಟಕಿ ಈಗ ಅರ್ಧ ಮಾತ್ರ ತೆರೆಯುತ್ತದೆ, ಸೆಖೆ ಎಂದು ಎ.ಸಿ. ಹಾಕುತ್ತಾರೆ, ಅದರ ಪೆಟ್ಟಿಗೆಯನ್ನು ಛಜ್ಜಾದ ಮೇಲೆ ಕೂರಿಸುತ್ತಾರೆ.

ಬೆಲೆಯ ಪ್ರಶ್ನೆಗೆ ನೇರ ಉತ್ತರ: ಕಾನೂನಿನ ಕಣ್ಣಿನಲ್ಲಿ ಹೆಚ್ಚಿನ ಬೆಲೆ ಇಲ್ಲ. ಪರಂಪರೆಯ ಪಟ್ಟಿಗಳು ಸ್ವಾತಂತ್ರ್ಯಾನಂತರದ ಕಾರ್ಖಾನೆಗಳ ಹತ್ತಿರ ಸುಳಿಯುವುದು ಅಪರೂಪ. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ ಎದ್ದ, ರಾಜ್ ರೇವಾಲ್ ರೂಪಿಸಿದ ಹಾಲ್ ಆಫ್ ನೇಷನ್ಸ್‌ನಂಥ ಜಗತ್ಪ್ರಸಿದ್ಧ ಕಾಂಕ್ರೀಟ್ ಕಟ್ಟಡವನ್ನೇ 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಒಡೆದರು. ಗೋರೆಗಾಂವ್‌ನ ಸಿಬಾ ಸಂಶೋಧನಾ ಕೇಂದ್ರವನ್ನು 1963ರಲ್ಲಿ ನೆಹರೂ ಉದ್ಘಾಟಿಸಿದ್ದರು. ಔಷಧ ಕಂಪನಿಗಳ ಸಂಶೋಧನೆಗೆ ಆಗ ಎಂಥ ಮರ್ಯಾದೆ ಇತ್ತು ಎನ್ನಲು ಅಷ್ಟು ಸಾಕು. ಇಂದು ಆ ಹೆಸರು ಹೇಳಿದರೆ ಪಕ್ಕದ ಕಾಲೊನಿಯ ಹುಡುಗರಿಗೆ ಗೊತ್ತಾಗಲಾರದು. ಮುಂಬೈ, ಠಾಣೆಯ ನೆಲದ ಬೆಲೆಯ ಎದುರು ಒಂದು ಅಂತಸ್ತಿನ ಶೆಡ್ ವಾದ ಗೆಲ್ಲುವುದಿಲ್ಲ. ಎಲ್ಲವನ್ನೂ ಉಳಿಸಿ ಎಂದು ನಾನೂ ಹೇಳುವುದಿಲ್ಲ. ಗಾಜು ಓರೆಯಾಗಿ, ಶೀಟು ಕಲ್ನಾರಿನದಾಗಿ, ಒಳಗೆ ಕುಲುಮೆಯಂತೆ ಕುದಿಯುವ ಶೆಡ್‌ಗಳಲ್ಲಿ ನಮ್ಮ ಜನ ಎಷ್ಟು ಬೆವರು ಸುರಿಸಿದ್ದಾರೆ ಎಂಬುದು ಭಾಂಡುಪ್, ಮುಲುಂಡ್‌ನ ಹಳೆಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರಿಗೆ ಗೊತ್ತು. ಅಂಥವು ಹೋಗಲಿ. ಚಿಪ್ಪಿನ ಛಾವಣಿ, ನೆಟ್ಟಗಿನ ಗಾಜು, ಪಕ್ಕದಲ್ಲೇ ಪ್ರಯೋಗಾಲಯ, ಮೂರೂ ಒಟ್ಟಿಗೆ ಉಳಿದಿರುವ ಆವರಣವಾದರೆ ಒಂದೆರಡು ಹಲ್ಲುಗಳನ್ನಾದರೂ ಉಳಿಸಿಕೊಂಡು ಹೊಸ ಕಟ್ಟಡ ಎಬ್ಬಿಸುವಂತೆ ಮಾಲೀಕರನ್ನು ಕೇಳಬಹುದು. ಕಂಬವಿಲ್ಲದ ಇಪ್ಪತ್ತು ಮೀಟರ್ ಜಾಗ, ಮೇಲಿನಿಂದ ತಣ್ಣನೆಯ ಬೆಳಕು. ಗ್ರಂಥಾಲಯಕ್ಕೋ ಬ್ಯಾಡ್ಮಿಂಟನ್ ಅಂಗಳಕ್ಕೋ ಇದಕ್ಕಿಂತ ಒಳ್ಳೆಯ ಛಾವಣಿ ಹೊಸದಾಗಿ ಸಿಗುವುದಿಲ್ಲ.

ಅದೂ ಆಗದಿದ್ದರೆ ನಿಮ್ಮ ಮಗಳಿಗೆ ಒಂದು ಕೆಲಸ ಇದೆ, ಕೆಡವುವ ಗುತ್ತಿಗೆದಾರ ಬರುವ ಮೊದಲೇ ಆಗಬೇಕಾದದ್ದು. ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ಸಾಮಾನ್ಯವಾಗಿ ಒಂದು ಉಕ್ಕಿನ ಕಪಾಟು ಇರುತ್ತದೆ, ಅದರಲ್ಲಿ ಸುರುಳಿ ಸುತ್ತಿದ ಹಳೆಯ ನೀಲಿನಕ್ಷೆಗಳು. ಕಚೇರಿ ಖಾಲಿ ಮಾಡುವಾಗ ಮೊದಲು ರದ್ದಿಗೆ ಹೋಗುವುದು ಅವೇ. ಅನುಮತಿ ಪತ್ರ ಹಿಡಿದು ಹೋಗಲಿ. ಕಾಲೇಜಿನ ಲೆಟರ್‌ಹೆಡ್ ಇದ್ದರೆ ಒಳಗೆ ಬಿಡುತ್ತಾರೆ. ಮುಖಭಾಗದ ನಕ್ಷೆಗಳನ್ನು ಆಮೇಲೆ ನೋಡಿದರಾಯಿತು. ಮೊದಲು ಅಡ್ಡಛೇದದ ಹಾಳೆ, ಗಟರಿನ ವಿವರದ ಹಾಳೆ, ಚಿಪ್ಪಿನ ಸರಳುಗಳ ಹಾಳೆ, ಈ ಮೂರನ್ನು ಹುಡುಕಿ, ಮೊಬೈಲ್‌ನಲ್ಲಾದರೂ ನೇರವಾಗಿ ಮೇಲಿನಿಂದ ಫೋಟೊ ತೆಗೆದುಕೊಳ್ಳಲಿ. ಕೆಳಗಿನ ಬಲಮೂಲೆಯ ಚೌಕದಲ್ಲಿ ನಕ್ಷೆ ಎಳೆದವರ, ಪರಿಶೀಲಿಸಿದವರ ಸಹಿ ಇರುತ್ತದೆ. ಅದು ಫೋಟೊದಲ್ಲಿ ಓದುವಂತೆ ಬಂದಿದೆಯೇ ಎಂದು ಅಲ್ಲೇ ನೋಡಿಕೊಳ್ಳಲಿ. ನಕ್ಷೆ ಸಿಗದಿದ್ದರೆ ಒಂದು ಹಲ್ಲನ್ನು ಟೇಪ್ ಹಿಡಿದು ಅಳೆದರೂ ಸಾಕು, ಉಳಿದವೆಲ್ಲ ಅದರ ನಕಲೇ. ಚಿಪ್ಪಿನ ದಪ್ಪ ಅಳೆಯಲು ಗಟರಿನ ಪೈಪು ಕಾಂಕ್ರೀಟು ತೂರಿ ಇಳಿಯುವ ಜಾಗ ಅನುಕೂಲ. ಮತ್ತೆ, ಆ ಗಟರಿನ ಮೇಲೆ ನಡೆಯುವಾಗ ಕಲ್ನಾರು ಶೀಟಿನ ಮೇಲೆ ಕಾಲಿಡಬೇಡಿ ಎಂದು ಅವಳಿಗೆ ಖಂಡಿತ ಹೇಳಿ. ಹಳೆಯ ಶೀಟು ಆಳಿನ ಭಾರ ತಾಳುವುದಿಲ್ಲ.